ಹನ್ನೊಂದು ಗೀರಿನ ಬಾಗಿಲು

ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನಮ್ಮ ಶಿವಗಂಗವ್ವನ ಬಾಯಿಂದ 'ಛಲೋ ಮಾಡಿದ್ರಿ' ಎಂಬ ಮಾತು ಒಮ್ಮೆಯೂ ಉದುರಿಲ್ಲ. ಈ ಸಲ ಉದುರಿಸಿಯೇ ತೀರುತ್ತೇನೆಂದು ಪಣ ತೊಟ್ಟೆ! ನಾನು ಕ್ಲಾರ್ಕ್ ಆಗಿರುವ ಮಹಾಲಿಂಗಪುರದ ಕಚೇರಿಯಲ್ಲಿ ಎರಡು ದಿನದ ರಜೆ ಚೀಟಿ ಒಗೆದು, ಬೀಳಗಿ ಕಡೆ ಹಿನ್ನೀರಿನ ದಂಡೆಯ ಹಳ್ಳಿಯೊಂದರಲ್ಲಿ ಕೋಣೆ ಹಿಡಿದೆ. ಅಲ್ಲಿನ ಎರಡು ಹಳೆಯ ಧರ್ಮಶಾಲೆಗಳನ್ನು ಯಾರೋ ಪುಣ್ಯಾತ್ಮರು ದುರಸ್ತಿ ಮಾಡಿ ವಸತಿಗೃಹ ಮಾಡಿದ್ದರು.

"ರಾಣಿ ಹಂಗ ಇರ್ತೀ, ನಡಿ!" ಎಂದೆ.

"ರೊಟ್ಟಿ ಕಟ್ಟಿಕೊಳ್ಳಲೇನ್ರಿ?"

"ರಾಣಿ ಎಲ್ಲೆರೆ ರೊಟ್ಟಿ ಗಂಟು ಹೊತ್ತು ಅಡ್ಡಾಡ್ತಾಳೇನ?"

"ರಾಜಾಗ ಹಸಿವು ತಡಿಯೂದಿಲ್ಲಲ್ರಿ, ಅದಕ್ಕ ಕೇಳಿದೆ."

ಅಂತೂ ಹೋಗಿ ಇಳಿದೆವು. ಮ್ಯಾನೇಜರ್ ಅಜಯ ಕೈಮುಗಿದು ಬರಮಾಡಿಕೊಂಡ. ನಮ್ಮ ಕೋಣೆಯ ಬಾಗಿಲ ಮುಂದೆ ನಿಂತವನೇ ಭಾಷಣ ಶುರು ಮಾಡಿದ.

"ಇದು ಮುನ್ನೂರು ವರ್ಷದ ಬಾಗಿಲಾ ರೀ. ಒಬ್ಬ ಸರದಾರನ ವಾಡೇದ್ದು. ಈ ಹನ್ನೊಂದು ಗೀರು ನೋಡ್ರಿ, ಕತ್ತಿಲೆ ಹಾಕಿದ್ದು! ಹನ್ನೊಂದು ಮಂದಿ ವೈರಿಗಳನ್ನ ಸೋಲಿಸಿ ಓಡಿಸಿದ ಗುರುತು. ಕಡೀಗೆ ಈ ಕತ್ತರಿ ಗುರುತು ಐತಲ್ಲ, ಅವ ಜೀವಂತ ಸೆರೆ ಸಿಕ್ಕಾವ!"

ನನಗೆ ಆವೇಶ ಬಂತು! "ನೋಡಿದೇನ? ಇದಕ್ಕ ಇತಿಹಾಸ ಅಂತಾರ! ಗೀರು ವಾಲಿದ್ದು ನೋಡಿದ್ರ ಸರದಾರ ಎಡಚ ಇದ್ದಾನ. ಏನ್ ತೋಳು, ಏನ್ ಶೌರ್ಯ!" ಎಂದು ಶುರುಮಾಡಿ ಕಾಲು ಗಂಟೆ ಕೊರೆದೆ. ಪಕ್ಕದ ಕೋಣೆಗಳ ನಾಲ್ಕು ಜನ ಬಂದು ಬಾಯಿ ತೆರೆದು ಕೇಳಿದರು.

ಶಿವಗಂಗವ್ವ ಮಾತ್ರ ಗೀರುಗಳ ಮೇಲೆ ಎಡಗೈ ಆಡಿಸುತ್ತಿದ್ದಳು. ಆಮೇಲೆ ಮೆಲ್ಲಗೆ ಅಂದಳು: "ಸರದಾರ ಅಲ್ರಿ, ನಾನು. ಕತ್ತಿ ಅಲ್ಲ, ಮೊಳಿ. ಇದು ನನ್ನ ತವರಮನಿ ಬಾಗಿಲಾ. ನನ್ನ ನೋಡಾಕ ಬಂದ ಹನ್ನೊಂದು ಗಂಡುಗಳನ್ನ ಒಲ್ಲೆ ಅಂತ ಹೊಳ್ಳಿ ಕಳಿಸಿದ್ದೆ. ಒಬ್ಬೊಬ್ಬಗ ಒಂದೊಂದು ಗೀರು!"

"ಮತ್ತ ಸೆರೆ ಸಿಕ್ಕಾವ ಯಾರ್ರೀ?" ಎಂದ ಅಜಯ.

"ಸರದಾರನ ತೋಳು ಹೊಗಳಿ ಭಾಷಣ ಮಾಡಿದ್ರಲ್ರಿ, ನಮ್ಮ ಇವರು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮರುಗಳಿಗೆಯೇ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದೆ; ಪಾಲಿಶ್ ಹೊಡೆದು ಗುರುತು ಸಿಗದಂತೆ ಮಾಡಿದ್ದರು. ಅಯ್ಯಯ್ಯೋ, ಅದೇ ಬಾಗಿಲು!

ನಿಮ್ಮ ಮುಂದೆ ಮುಚ್ಚಿಡುವುದೇನು? ಹನ್ನೆರಡು ವರ್ಷದ ಹಿಂದೆ ಅವಳ ತವರೂರು ಹಿನ್ನೀರಿಗೆ ಹೋಗುವಾಗ ಮಂದಿಯೆಲ್ಲ ಮನೆಯ ಕಂಬ, ಬಾಗಿಲು ಕಿತ್ತು ಒಯ್ದರು. ನಮ್ಮ ಮಾವ ಭೀಮಪ್ಪನವರು 'ಮಗಳ ಪಾಲಿಗೆ ಇದೊಂದು ಇರಲಿ' ಎಂದು ತಮ್ಮ ತಲಬಾಗಿಲನ್ನು ಟ್ರ್ಯಾಕ್ಟರಿನಲ್ಲಿ ನಮ್ಮ ಮನೆಗೆ ಕಳಿಸಿದರು. ನನ್ನ ಬಾಡಿಗೆ ಮನೆಗಿಂತ ಬಾಗಿಲೇ ದೊಡ್ಡದು! ಇವಳು ಅಲ್ಲಿ ತಾಯಿಗೆ ಸಾಮಾನು ಕಟ್ಟಿಕೊಡುತ್ತಿದ್ದ ಸಮಯ ನೋಡಿ, ಕಟ್ಟಿಗೆ ವ್ಯಾಪಾರಿಗೆ ಮಾರಿಬಿಟ್ಟೆ. ಪೂರಾ ಗೆದ್ದಲು ತಿಂದಿತ್ತು, ಮುಟ್ಟಿದರೆ ಪುಡಿಯಾಯಿತು ಎಂದು ಅವಳಿಗೆ ಹೇಳಿದೆ. ಪಾಪ, ಅವಳು ಎರಡು ದಿನ ಅತ್ತಳು. ಜೊತೆಗಿರಲೆಂದು ನಾನೂ ಅತ್ತಿದ್ದೆ.

"ಗೆದ್ಲ ತಿಂದಿತ್ತು ಅಂದ್ರಲ್ರಿ?" ಅವಳ ಕಣ್ಣು ನನ್ನ ಮೇಲೆ ನೆಟ್ಟವು.

"ಅದು... ಒಂದ ನಮೂನಿ ಬಾಗಿಲಾ ಭಾಳ ಇರ್ತಾವ..."

"ಗೀರೂ ಒಂದ ನಮೂನಿ ಇರ್ತಾವೇನ್ರಿ?"

ಕೇಳದಿದ್ದರೂ ಅಜಯ ಬಾಯಿ ಹಾಕಿದ: "ಇದಕ್ಕ ಗೆದ್ಲ ಹೆಂಗ ಹತ್ತತೈತ್ರಿ ಮೇಡಂ? ಗಟ್ಟಿ ಸಾಗವಾನಿ! ಮಹಾಲಿಂಗಪುರದ ಕಟಗಿ ಅಡ್ಡಾದಾಗ ಸಿಕ್ಕಿದ್ದು. ಯಾರೋ ಶಾಣ್ಯಾತನ ಇಲ್ಲದ ಕ್ಲಾರ್ಕ್ ಬಂದು ಮಾರಿ ಹೋಗಿದ್ದನಂತ!" ಅಂದವನೇ ತನ್ನ ಸರದಾರ ನೆನಪಾಗಿ ನಾಲಿಗೆ ಕಚ್ಚಿಕೊಂಡ. ಅವನ ಮುನ್ನೂರು ವರ್ಷ, ನನ್ನ ಮರ್ಯಾದೆ ಎರಡೂ ಒಂದೇ ಗಳಿಗೆಯಲ್ಲಿ ಮುಗಿದವು.

ಶಿವಗಂಗವ್ವ ಬೈಯಲಿಲ್ಲ, ಅಳಲೂ ಇಲ್ಲ. ಸೆರಗಿನಿಂದ ಬಾಗಿಲನ್ನೊಮ್ಮೆ ಒರೆಸಿದಳು. ಒಳಗೆ ಹೋದಳು. ಎರಡೂ ಕದ ಧಡಾರೆಂದು ಮುಚ್ಚಿ ಅಗಳಿ ಜಡಿದಳು. ನಾನು ಸೂಟ್‌ಕೇಸ್ ಹಿಡಿದು ಹೊರಗೇ ಉಳಿದೆ. ಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದರು.

"ಶಿವಗಂಗಾ, ತಪ್ಪಾತವ್ವಾ! ಬಾಗಿಲಾ ತಗೀ, ಮಂದಿ ನಗಾಕತ್ತಾರ!"

ಒಳಗಿನಿಂದ ಸಾವಕಾಶ ದನಿ ಬಂತು: "ತಗ್ಯೂದು ಯಾಕ್ರಿ? ಪೂರಾ ಗೆದ್ಲ ತಿಂದ ಬಾಗಿಲಾ ಅದು. ಉಫ್ ಅಂತ ಊದ್ರಿ, ಬೀಳತೈತಿ!"