ಕುಬಸದ ದಿನ ಸಕ್ಕರೆ ಇಳಿದದ್ದು

ಬಸುರಿಯ ಬಾಯಿ ಅವಳದಲ್ಲ, ಊರಿನದು. ಇದು ನನಗೆ ತಿಳಿದದ್ದು ಎರಡನೇ ಸಲ ಬಸುರಿಯಾದಾಗ. ಎದುರಿಗೆ ಸಿಕ್ಕವರೆಲ್ಲ ಅದರೊಳಗೆ ಏನಾದರೂ ಇಟ್ಟೇ ಹೋಗುತ್ತಾರೆ. ನಾನು ಕುಷ್ಟಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಜೊತೆಯ ಟೀಚರುಗಳು ಪೇಢೆ ತರುತ್ತಿದ್ದರು, ಪಕ್ಕದ ಮನೆಯವರು ಶೇಂಗಾ ಹೋಳಿಗೆ ಕಳಿಸುತ್ತಿದ್ದರು. ನನಗೆ ಸಕ್ಕರೆ ಕಾಯಿಲೆ, ಬೇಡ ಎಂದರೆ, "ಬಸರಿದ್ದಾಗ ತಿಂದದ್ದು ಕೂಸಿಗೆ ಹೋಗ್ತೈತಿ ಬಿಡ್ರಿ, ನಿಮಗೇನ್ ಆಗ್ತೈತಿ" ಎನ್ನುತ್ತಿದ್ದರು. ಕೂಸಿಗೆ ಹೋಗುವುದೇ ನನ್ನ ಚಿಂತೆ. ಮೊದಲನೆಯದು ಎಂಟನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಗಿತ್ತು. ಸಕ್ಕರೆ ಏರಿದ್ದು ಆಗ ಯಾರಿಗೂ ತಿಳಿದಿರಲಿಲ್ಲ.

ಈ ಸಲ ಕೊಪ್ಪಳದ ಡಾಕ್ಟರಮ್ಮ ಬೇಗನೇ ಇನ್ಸುಲಿನ್ ಶುರುಮಾಡಿದರು. ನಮ್ಮತ್ತೆಗೆ ಅದು ಸರಿಬರಲಿಲ್ಲ. ನಾನು ಹೊಟ್ಟೆಗೆ ಚುಚ್ಚಿಕೊಳ್ಳುವಾಗ ಎದುರಿಗೆ ನಿಂತು, "ಕೂಸಿನ ಕಣ್ಣಿಗೆ ಬಡದೀತು, ಸ್ವಲ್ಪ ಬಾಜೂಕ ಚುಚ್ಕೋ" ಎನ್ನುತ್ತಿದ್ದರು. ಡಾಕ್ಟರಮ್ಮ ಅವರನ್ನೇ ಕೂರಿಸಿಕೊಂಡು, ಸೂಜಿ ಚರ್ಮದ ಕೆಳಗಿನ ಕೊಬ್ಬಿಗಷ್ಟೇ ಹೋಗುತ್ತದೆ, ಚುಚ್ಚಿದ ಮೇಲೆ ಊಟ ತಡವಾಗಬಾರದು, ಬೆವರಿ ನಡುಗಿದರೆ ಮೊದಲು ಸಕ್ಕರೆ ಕೊಡಿ ಎಂದು ಹೇಳಿಕೊಟ್ಟರು. ಅಂದಿನಿಂದ ಮನೆಗೊಬ್ಬ ಫೌಜದಾರ ಬಂದಂತಾಯಿತು. ಬೆಲ್ಲದ ಡಬ್ಬಿ ಅತ್ತೆಯ ಕೋಣೆ ಸೇರಿತು. ನನಗೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಉಂಡ ಮೇಲೆ ಓಣಿಯಲ್ಲಿ ನಡಿಗೆ. ನನ್ನ ಗಂಡ ಮಾತ್ರ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಪೇಢೆ ತಿನ್ನುತ್ತಿದ್ದರು. ನಾನು ನೋಡಿ ನೊಂದುಕೊಳ್ಳಬಾರದಂತೆ.

ಏಳನೇ ತಿಂಗಳಲ್ಲಿ ನನಗೆ ಕುಬಸ, ಅಂದರೆ ಸೀಮಂತ, ಮಾಡಲು ನಿಂತರು. ಸಿದ್ದಾಪುರದಿಂದ ಅತ್ತೆಯ ಅಕ್ಕ, ನಮ್ಮ ದೊಡ್ಡತ್ತೆ, ಬುತ್ತಿ ಕಟ್ಟಿಕೊಂಡು ಬಂದರು. ಭತ್ತದ ಸೀಮೆಯವರು, ಬಂದವರೇ "ಬರೇ ರೊಟ್ಟಿ ತಿನಿಸಿ ಬಸರಿ ಹೆಂಗಸನ್ನ ಒಣಗಿಸೀದಿ" ಎಂದು ತಂಗಿಯನ್ನು ಗದರಿದರು. ಆರತಿಯಾದ ಕೂಡಲೇ ಊಟ ಎಂದು ನಂಬಿ ನಾನು ಒಳಗೆ ಹೋಗಿ ಇನ್ಸುಲಿನ್ ತೆಗೆದುಕೊಂಡೆ. ಆದರೆ ಆರತಿಗೆ ಯಲಬುರ್ಗಾದಿಂದ ನನ್ನ ತವರಿನವರೂ ಬರಲಿ ಎಂದರು. ಅವರು ಬಂದ ಮೇಲೆ ಫೋಟೋ ಶುರುವಾಯಿತು. ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದ ನನಗೆ ಬೆವರು ಕಿತ್ತು ಬಂತು. ಕೈ ನಡುಗಿ ಬಳೆಗಳು ಗಲಗಲ ಎಂದವು.

ಮೊದಲು ಕಂಡವರು ದೊಡ್ಡತ್ತೆ. ಅವರು ಹೇಮಗುಡ್ಡದ ದುರ್ಗೆಯ ಭಕ್ತರು. "ಅಮ್ಮ ಮೈದುಂಬ್ಯಾಳ" ಎಂದು ಕೈಮುಗಿದು ನನ್ನ ಹಣೆಗೆ ಕುಂಕುಮ ಹಚ್ಚಿದರು. ಹೆಂಗಸರೆಲ್ಲ ಸೆರಗು ಹೊದ್ದು ಕೂತರು. "ಏನ್ ಬೇಕು ಹೇಳವ್ವಾ ತಾಯಿ" ಎಂದು ದೊಡ್ಡತ್ತೆ ಕೇಳಿದರು. ನಾಲಿಗೆ ತೊದಲುತ್ತಿತ್ತು. ಊಟ ಎನ್ನಲು ಹೊರಟವಳ ಬಾಯಿಂದ "ಹೋಳಿಗಿ" ಎಂದು ಬಂತು. ಅಮ್ಮ ಮಾತಾಡಿದಳೆಂದು ಎಲ್ಲರಿಗೂ ಸಮಾಧಾನ. ನಮ್ಮ ಬೋರಿಗೆ ನೀರು ಬೀಳುತ್ತದೋ ಇಲ್ಲವೋ ಕೇಳಿ ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದರು. "ಯಾವ ಅಮ್ಮನೂ ಬಂದಿಲ್ಲ. ಸಕ್ಕರಿ ಇಳದೈತಿ, ಸರೀರಿ ಎಲ್ಲಾರೂ" ಎಂದವರೇ ಲೋಟದಲ್ಲಿ ಸಕ್ಕರೆ ನೀರು ಕದಡಿ ಕುಡಿಸಿದರು. "ಕೂಸು ಒದಿತೈತೇನ್" ಎಂದು ಮತ್ತೆ ಮತ್ತೆ ಕೇಳಿದರು. ಸ್ವಲ್ಪ ಹೊತ್ತಿಗೆ ಒದೆಯಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಮಣೆಯ ಮೇಲೇ ನನಗೆ ಊಟ ಬಡಿಸಿದರು. ಆರತಿ ಆಮೇಲಾಯಿತು.

ದಿನ ತುಂಬುವ ಮೊದಲೇ ಕೊಪ್ಪಳದಲ್ಲಿ ಆಪರೇಷನ್ ಮಾಡಿ ಹೆಣ್ಣುಕೂಸು ತೆಗೆದರು. ಅದರ ಹಿಮ್ಮಡಿಗೆ ಚುಚ್ಚಿ ಸಕ್ಕರೆ ನೋಡಿದರು, ಸರಿಯಿತ್ತು. ಬಸುರಿನ ಜೊತೆ ಬಂದಿದ್ದ ನನ್ನ ಸಕ್ಕರೆ ಕಾಯಿಲೆ ಹೋಗಿ ಇನ್ಸುಲಿನ್ ನಿಂತಿತು. ವರ್ಷಕ್ಕೊಮ್ಮೆ ರಕ್ತ ತೋರಿಸಬೇಕೆಂದಿದ್ದಾರೆ.

ಬಾಣಂತನ ಮುಗಿಯುವ ಹೊತ್ತಿಗೆ ದೊಡ್ಡತ್ತೆ ಕೂಸು ನೋಡಲು ಬಂದರು. ಅತ್ತೆ ಚಹಾ ಮಾಡಲು ಒಳಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ನನ್ನ ಹತ್ತಿರ ಸರಿದು, "ಅಕಿ ನಂಬೂದಿಲ್ಲ. ನಮ್ಮ ಹುಡುಗನ ಮದುವಿ ಮಾತು ಕೇಳೂದಿತ್ತು. ಅಮ್ಮ ನಿನ್ನ ಮ್ಯಾಲೆ ಮತ್ತ ಯಾವಾಗ ಬರ್ತಾಳ" ಎಂದರು. ಇನ್ಸುಲಿನ್ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವ ನಾನು ಅವರಿಗೂ ಬಿಡಿಸಿ ಹೇಳಬೇಕಿತ್ತು. ಆದರೆ ಅಷ್ಟು ಭಕ್ತಿಯಿಂದ ನನ್ನೆದುರು ಈವರೆಗೆ ಯಾರೂ ಕೂತಿರಲಿಲ್ಲ, ನನ್ನ ತರಗತಿಯಲ್ಲಂತೂ ಇಲ್ಲವೇ ಇಲ್ಲ. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, "ನೋಡೂಣ್ರಿ ದೊಡ್ಡತ್ತಿ" ಎಂದೆ.