ಒಳಗಿರುವವರಿಗೆ ಪ್ರವೇಶವಿಲ್ಲ

ಕೆನಡಾದಲ್ಲಿ ಹೊಸದಾಗಿ ಪೌರತ್ವ ಪಡೆದ ಪ್ರತಿಯೊಬ್ಬರಿಗೂ ರಾಷ್ಟ್ರೀಯ ಉದ್ಯಾನಕ್ಕೆ ಒಂದು ವರ್ಷದ ಉಚಿತ ಪ್ರವೇಶ ಚೀಟಿ ಕೊಡಲಾಗುತ್ತದೆ. ಉಚಿತ ಎಂದರೆ ದುಡ್ಡು ಕೊಡಬೇಕಾಗಿಲ್ಲ. ಪ್ರವೇಶ ಎಂದರೆ ಒಳಗೆ ಹೋಗುವುದು. ಇಷ್ಟು ಸ್ಪಷ್ಟವಾಗಿದ್ದರೂ ಲೂನ್‌ವಾಟರ್ ಉದ್ಯಾನದ ಬಾಗಿಲಲ್ಲಿರುವ ಯಂತ್ರ ಮೂರು ವರ್ಷಗಳಲ್ಲಿ ಒಂದೇ ಒಂದು ಚೀಟಿಯನ್ನೂ ಓದಿರಲಿಲ್ಲ.

ಇದನ್ನು ಪತ್ತೆ ಹಚ್ಚಿದ್ದು ನವಪೌರ ಪ್ರಕೃತಿ ಪರಿಚಯ ಘಟಕ. ಘಟಕ ಎಂದರೆ ಹಾಲಿಸ್ ಡ್ರೂರಿ, ಒಬ್ಬನೇ. ಪಿಂಚಣಿಗೆ ಅವನಿಗಿನ್ನೂ ಎರಡು ವರ್ಷವಿತ್ತು.

"ಹಾಲಿಸ್, ಮಾರ್ಚ್ ಮೂವತ್ತೊಂದರೊಳಗೆ ಚೀಟಿ ಬಳಕೆ ಆಗ್ತಿದೆ ಅಂತ ತೋರಿಸ್ಬೇಕು. ಇಲ್ದಿದ್ರೆ ಘಟಕ ಮುಚ್ಚತ್ತೆ, ನಿಮ್ಮ ಕೆಲಸಾನೂ ಹೋಗತ್ತೆ," ಎಂದರು ನಿರ್ದೇಶಕಿ ಜಿಸ್ಲೇನ್. "ಸಾರಿ."

"ಸಾರಿ ಮೇಡಂ," ಎಂದ ಹಾಲಿಸ್. ಆ ಊರಲ್ಲಿ ಕೆಲಸದಿಂದ ತೆಗೆಯುವವರೂ ತೆಗೆಸಿಕೊಳ್ಳುವವರೂ ಮೊದಲು ಕ್ಷಮೆ ಕೇಳಿಕೊಳ್ಳುತ್ತಾರೆ.

ಚೀಟಿ ಬಳಕೆಯಾಗದಿರಲು ಕಾರಣವಿತ್ತು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಹಿಮ. ಬಾಗಿಲಲ್ಲಿ ಸಿಬ್ಬಂದಿ ಇರುವುದಿಲ್ಲ, ಆದ್ದರಿಂದ ಚೀಟಿ ಕೇಳುವವರೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶಾಭಿಮಾನದ ಅಂಗವಾಗಿ ಎಲ್ಲರಿಗೂ ಪ್ರವೇಶ ಉಚಿತ. ಆದ್ದರಿಂದ ಚೀಟಿ ಬೇಕಿಲ್ಲ. ಚೀಟಿ ಬೇಕಾಗುವುದು ಮೇ ತಿಂಗಳಲ್ಲಿ ಮಾತ್ರ. ಆಗ ಹಿಮ ಕರಗಿ ರಸ್ತೆ ಕೊಚ್ಚಿಹೋಗಿರುತ್ತದೆ.

ಹಾಲಿಸ್ ಹುಡುಕಿ ಹುಡುಕಿ ಕೊನೆಗೆ ಒಬ್ಬ ಹೊಸ ಪೌರನನ್ನು ಹಿಡಿದ. ಫಿಲಿಪೀನ್ಸ್ ಮೂಲದ ರೋಡೇಲಿಯೋ ಮಕರಾಯೆಗ್ ಅದೇ ಉದ್ಯಾನದಲ್ಲಿ ಪಾಯಿಖಾನೆ ತೊಳೆಯುತ್ತಿದ್ದ.

"ದಿನಾ ಹೋಗ್ತೀನಿ ಸಾರ್. ಆದ್ರೆ ಸಿಬ್ಬಂದಿ ಬಾಗಿಲಿಂದ."

"ಒಂದು ದಿನ ಮುಂದಿನ ಬಾಗಿಲಿಂದ ಹೋಗಿ ಮಾರಾಯ್ರೇ!"

"ಹಾಗೆ ಹೋದ್ರೆ ಅವತ್ತು ನಾನು ಪ್ರವಾಸಿ ಆಗ್ತೀನಿ. ಪ್ರವಾಸಿಗಳು ಪೊರಕೆ ಮುಟ್ಟಂಗಿಲ್ಲ ಸಾರ್. ನಿಯಮ ಹನ್ನೊಂದು."

"ರಜೆ ದಿನ?"

"ರಜೆ ದಿನ ಕೋಳಿ ಕಾರ್ಖಾನೇಲಿ ಇನ್ನೊಂದು ಕೆಲಸ."

"ಅಲ್ಲಾ, ಕೆರೆನಾದ್ರೂ ನೋಡಿದ್ದೀರಾ?"

"ಪಾಯಿಖಾನೆ ಕಿಟಕಿ ತುಂಬಾ ಎತ್ತರ ಸಾರ್. ಬೇಸಿಗೇಲಿ ಒಂದು ದಿನ ರಜೆ ಹಾಕಿ ನೆನಿಟಾಗೆ ತೋರಿಸ್ಬೇಕು. ಆಗ ನಾನೂ ನೋಡ್ತೀನಿ." ನೆನಿಟಾ ಎಂದರೆ ಅವನ ಹೆಂಡತಿ.

ಹಾಲಿಸ್‌ಗೆ ಬೇಸಿಗೆಯವರೆಗೆ ಕಾಯುವಂತಿರಲಿಲ್ಲ. ಮಾರನೆಯ ವಾರ ಈ ಪ್ರಕಟಣೆ ಹೊರಬಿತ್ತು:

"ಜನರು ಉದ್ಯಾನದ ಬಾಗಿಲಿಗೆ ಬರಲಾಗದಿದ್ದಲ್ಲಿ ಉದ್ಯಾನದ ಬಾಗಿಲು ಜನರ ಬಳಿಗೆ ಬರತಕ್ಕದ್ದು. ಬಾಗಿಲು ಎಂದರೆ ಚೀಟಿ ಓದುವ ಯಂತ್ರ. ಯಂತ್ರದ ಈಚೆಗೆ ಇರುವವರು ಉದ್ಯಾನದ ಹೊರಗಿದ್ದಾರೆಂದೂ, ಆಚೆಗೆ ಇರುವವರು ಉದ್ಯಾನದ ಒಳಗಿದ್ದಾರೆಂದೂ ಭಾವಿಸತಕ್ಕದ್ದು."

ಯಂತ್ರವನ್ನು ಪೌರತ್ವದ ಪ್ರಮಾಣವಚನ ನಡೆಯುವ ಸಭಾಂಗಣಕ್ಕೆ ತಂದು, ಕೇಕು ಕಾಫಿ ಇಟ್ಟ ಮೇಜಿನ ಮುಂದೆ ನಿಲ್ಲಿಸಲಾಯಿತು. ಪಕ್ಕದಲ್ಲಿ ಬಕೆಟ್ಟಿನಲ್ಲಿ ನೆಟ್ಟ ಒಂದು ಸ್ಪ್ರೂಸ್ ಗಿಡ. ಪ್ರಕೃತಿ ಇರಲಿ ಎಂದು. ಪ್ರಮಾಣ ಮುಗಿಸಿದವರು ಚೀಟಿ ತೋರಿಸಿ ಯಂತ್ರ ದಾಟಿ ಕೇಕು ತಿಂದರು. ಹಿಂದೆ ಚೀಟಿ ಪಡೆದವರನ್ನೂ ಕೇಕಿನ ಆಸೆ ತೋರಿಸಿ ಕರೆಸಲಾಯಿತು. ಫೆಬ್ರವರಿ ಹನ್ನೆರಡರಂದು ರೋಡೇಲಿಯೋ, ನೆನಿಟಾ ಇಬ್ಬರೂ ದಾಟಿದರು.

ಉಕ್ರೇನಿನ ಅಜ್ಜಿಯೊಬ್ಬರು ಸುತ್ತಲೂ ನೋಡಿ, "ಕರಡಿ ಎಲ್ಲಪ್ಪಾ?" ಎಂದು ಕೇಳಿದರು.

"ಚಳಿಗಾಲ ಅಲ್ವಾ ಅಜ್ಜಿ, ಮಲಗಿದೆ. ಸಾರಿ."

ಮಾರ್ಚ್ ಮೂವತ್ತೊಂದರ ಹೊತ್ತಿಗೆ ಸಾವಿರದ ಎಂಟುನೂರ ಹನ್ನೆರಡು ಜನ ಉದ್ಯಾನದೊಳಗೆ ಹೋಗಿದ್ದರು. ನೂರಕ್ಕೆ ನೂರು.

"ಭೇಷ್ ಹಾಲಿಸ್! ಅಂದ ಹಾಗೆ, ಎಷ್ಟು ಜನ ಹೊರಗೆ ಬಂದ್ರು?" ಎಂದರು ಜಿಸ್ಲೇನ್.

"ಅದನ್ನ ನಮೂನೆಯಲ್ಲಿ ಕೇಳಿರ್ಲಿಲ್ಲ ಮೇಡಂ."

"ಹಾಗಾದ್ರೆ ಬಿಡಿ."

ಜುಲೈನಲ್ಲಿ ರೋಡೇಲಿಯೋ ತಮ್ಮನ ಕಾರು ಕೇಳಿ ಪಡೆದು, ನೆನಿಟಾಳನ್ನು ಕೂರಿಸಿಕೊಂಡು ಉದ್ಯಾನಕ್ಕೆ ಬಂದ. ಬಾಗಿಲಲ್ಲಿ ಫಲಕ ತೂಗುತ್ತಿತ್ತು: "ಉದ್ಯಾನ ಭರ್ತಿಯಾಗಿದೆ." ಉದ್ಯಾನದಲ್ಲಿ ಒಮ್ಮೆಗೆ ಸಾವಿರದ ಎಂಟುನೂರು ಜನರಿಗೆ ಮಾತ್ರ ಅವಕಾಶ. ಒಳಗೆ ಆಗಲೇ ಹನ್ನೆರಡು ಜನ ಹೆಚ್ಚಾಗಿದ್ದರು. ಒಳಗೆ ಯಾರೂ ಇರಲಿಲ್ಲ ಎಂಬುದು ಬೇರೆ ಮಾತು.

"ಸಾರಿ," ಎಂದಳು ಕಾವಲಿನಾಕೆ, ಅವರ ಚೀಟಿಗಳನ್ನು ಯಂತ್ರಕ್ಕೆ ತೋರಿಸಿ. "ಅಲ್ದೆ ನೀವಿಬ್ರೂ ಫೆಬ್ರವರಿಯಿಂದ ಒಳಗೇ ಇದ್ದೀರಿ. ಒಳಗಿರೋರನ್ನ ಮತ್ತೆ ಒಳಗೆ ಹೇಗೆ ಬಿಡ್ಲಿ?"

"ಹೊರಗೆ ಬಂದ್ವಿ ಅಂತ ಬರ್ಕೊಳ್ಳಿ," ಎಂದ ರೋಡೇಲಿಯೋ, ಪ್ರವಾಸಿಗಳ ಅಭಿಪ್ರಾಯ ಕೇಳಲು ಬಾಗಿಲಲ್ಲಿ ನಿಂತಿದ್ದ ಹಾಲಿಸ್ ಕಡೆ ತಿರುಗಿ.

ಹಾಲಿಸ್ ಅವನನ್ನು ಬದಿಗೆ ಕರೆದ. "ನೀವು ಹೊರಗೆ ಬಂದ್ರಿ ಅಂದ್ರೆ, ಉಳಿದೋರು ಯಾಕೆ ಬಂದಿಲ್ಲ ಅಂತ ಕೇಳ್ತಾರೆ. ಎಲ್ಲಾ ಹೊರಬೀಳತ್ತೆ ರೋಡೇಲಿಯೋ. ಪಿಂಚಣಿಗೆ ಇನ್ನೂ ಒಂದೂವರೆ ವರ್ಷ ಇದೆ ನಂಗೆ."

ರೋಡೇಲಿಯೋ ಮರಗಳ ಕಡೆ ನೋಡಿದ. ಕೆರೆ ಇದ್ದದ್ದು ಅವುಗಳ ಹಿಂದೆ. ಎರಡು ಕೆಲಸ ಮಾಡುವವನಿಗೆ, ಒಂದು ಕೆಲಸ ಹೋದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಸಾರಿ ಸಾರ್," ಎಂದು ಕಾರಿನ ಹಿಂಬದಿಯಿಂದ ಚಾಪೆ ತೆಗೆದು ಬಾಗಿಲ ಹೊರಗಿನ ಕಾರು ನಿಲ್ದಾಣದ ಡಾಂಬರಿನ ಮೇಲೆ ಹಾಸಿದ. ನೆನಿಟಾ ಅನ್ನ, ಹುರಿದ ಮೀನು ಬಡಿಸಿದಳು. ಹಾಲಿಸ್‌ಗೂ ಒಂದು ತಟ್ಟೆ ಬಂತು. ಹಿಂದೆ ಬಂದವರು ಫಲಕ ಓದಿ, ಒಬ್ಬರಿಗೊಬ್ಬರು ಕ್ಷಮೆ ಕೇಳಿ, ಅಲ್ಲೇ ಚಾಪೆ ಹಾಸಿದರು. ಮಧ್ಯಾಹ್ನದ ಹೊತ್ತಿಗೆ ಕಾಲಿಡಲು ಜಾಗವಿರಲಿಲ್ಲ. ಕಾವಲಿನಾಕೆ ಸಾಲುಗಳ ನಡುವೆ ಓಡಾಡುತ್ತಾ, ಊಟ ಮುಚ್ಚಿಡಿ, ಕರಡಿ ಬಂದಾವು ಎಂದು ಎಚ್ಚರಿಸಿದಳು. ಎಲ್ಲರೂ ಮುಚ್ಚಿಟ್ಟರು.

ಊಟ ಮುಗಿಸಿ ಹಾಲಿಸ್ ಕೈ ಒರೆಸಿಕೊಂಡು ಅಭಿಪ್ರಾಯ ಸಂಗ್ರಹದ ಹಾಳೆ ತೆಗೆದ. "ನೆನಿಟಾ ಅವ್ರೇ, ಉದ್ಯಾನ ಹೇಗಿದೆ?"

ನೆನಿಟಾ ಡಾಂಬರಿನ ಉದ್ದಗಲಕ್ಕೂ ಕಣ್ಣಾಡಿಸಿದಳು.

"ಪರವಾಗಿಲ್ಲ," ಎಂದಳು. "ಜನ ಸ್ವಲ್ಪ ಜಾಸ್ತಿ ಆಯ್ತು ಅಂತ ಬರ್ಕೊಳ್ಳಿ."

ಹಾಲಿಸ್ ಬರೆದುಕೊಂಡ.