ಹೊಟ್ಟೆ ದಾನಕ್ಕೆ ಹೊರಟ ಭಾವ

"ನನ್ನಂಥ ಹೊಟ್ಟೆ ಮನೆಯಲ್ಲೇ ಇರುವಾಗ ನಿನ್ನ ತಮ್ಮನಿಗೇಕೆ ಚಿಂತೆ?" ಎಂದು ಹೆಂಡತಿಯ ಮುಂದೆ ಎದೆ... ಅಲ್ಲಲ್ಲ, ಹೊಟ್ಟೆ ತಟ್ಟಿ ಘೋಷಿಸಿದೆ!

ವಿಷಯ ಸಣ್ಣದಲ್ಲ. ಬಸ್ ಓಡಿಸುವ ನನ್ನ ಭಾವಮೈದನಿಗೆ ಚರ್ಮದ ಕ್ಯಾನ್ಸರ್. ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧಿ ಕೊಟ್ಟರೂ ಅದು ಮಗ್ಗುಲು ಬದಲಿಸಿ ಮಲಗಿತ್ತು. ಆಗ ಡಾಕ್ಟರಮ್ಮ ಒಂದು ವಿಚಿತ್ರ ಹೇಳಿದರು. ನಾವು ತಿಂದ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಅರಗಿಸಿ ಏನೇನೋ ರಾಸಾಯನಿಕ ತಯಾರಿಸುತ್ತವಂತೆ. ಅವು ರಕ್ತಕ್ಕಿಳಿದು ಹಾರ್ಮೋನುಗಳ ಕಿವಿಯಲ್ಲಿ ಏನೋ ಊದುತ್ತವಂತೆ, ಕ್ಯಾನ್ಸರ್ ಜೊತೆ ಹೊಡೆದಾಡುವ ಜೀವಕೋಶಗಳನ್ನು ಹುರಿದುಂಬಿಸುತ್ತವಂತೆ! ಆರೋಗ್ಯವಂತರ ಮಲದಿಂದ ಆ ಬ್ಯಾಕ್ಟೀರಿಯಾ ತೆಗೆದು ರೋಗಿಗೆ ಕೊಟ್ಟು ನೋಡುವ ಪ್ರಯೋಗ ನಡೆದಿತ್ತು. "ಗ್ಯಾರಂಟಿ ಇಲ್ಲ" ಎಂದರು.

ನನಗೆ ಕುತೂಹಲ ತಡೆಯಲಿಲ್ಲ. ಇಷ್ಟು ವರ್ಷ ಹೊತ್ತು ತಿರುಗಿದ ಹೊಟ್ಟೆಯೊಳಗೆ ಇಂಥ ಕಾರ್ಖಾನೆ! ನನ್ನ ಹಸಿವು ನನ್ನದೋ, ಅವುಗಳದೋ?

"ನಾನೂ ಹೆಸರು ಕೊಟ್ಟಿದೀನಿ" ಅಂದಳು ಹೆಂಡತಿ.

"ಪಾಪ, ಇರಲಿ. ನೀನು ನಂಬರ್ ಟೂ!"

"ಇಲ್ಲಿ ಇರೋದೇ ನಂಬರ್ ಟೂ ವ್ಯವಹಾರ ಅಲ್ವೇನ್ರೀ?"

ದಾನಿಗಳ ಪರೀಕ್ಷೆಗೆ ಇನ್ನೂ ಒಂದು ವಾರ. ಬೆಳಿಗ್ಗೆ ಪಾತ್ರೆ ತುಂಬ ಬೇಯಿಸಿದ ಬೀನ್ಸ್, ಮಧ್ಯಾಹ್ನ ಹಸಿ ಕೋಸು, ಸಂಜೆ ಓಟ್ಸ್. "ನಿಧಾನ ರೀ! ಅದು ಹೊಟ್ಟೆ, ಗೋದಾಮಲ್ಲ!" ಎಂದಳು. "ಕಾರ್ಮಿಕರಿಗೆ ಊಟ ಹಾಕ್ತಿದೀನಿ ಕಣೇ!" ಎಂದೆ.

ಕಾರ್ಮಿಕರು ಮುಷ್ಕರ ಹೂಡಿದರು, ಅದೂ ಆಫೀಸಿನಲ್ಲಿ! ಮೀಟಿಂಗಿನ ಕೊನೆಗೆ ಮ್ಯಾನೇಜರ್, "ಯಾರಿಗಾದರೂ ಏನಾದರೂ ಹೇಳೋದಿದೆಯಾ?" ಎಂದು ಕೇಳಿದ್ದೇ ತಡ, ನನ್ನ ಹೊಟ್ಟೆ ಸುದೀರ್ಘ ಭಾಷಣ ಮಾಡಿತು. ಪಕ್ಕದವರು ಕಿಟಕಿ ತೆರೆದರು. ಎದುರಿನವರು ಬಾಗಿಲನ್ನೇ ತೆರೆದು ಹೊರಟುಹೋದರು!

ನೋವಿಗೆ ಎರಡಾಗಿ ಮಡಚಿಕೊಂಡೇ ಔಷಧಿ ಅಂಗಡಿಗೆ ಹೋಗಿ, ಕೊಟ್ಟ ಮಾತ್ರೆಗಳನ್ನೆಲ್ಲ ನುಂಗಿದೆ. ಹೊಟ್ಟೆ ತಣ್ಣಗಾಯಿತು. ಗೆದ್ದೆ ಎಂದುಕೊಂಡೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದರು: "ಇತ್ತೀಚೆಗೆ ಮಾತ್ರೆ ಏನಾದರೂ?"

ಹೆಮ್ಮೆಯಿಂದ ಮಾತ್ರೆಯ ಖಾಲಿ ಸ್ಟ್ರಿಪ್ ತೋರಿಸಿದೆ.

"ಅಯ್ಯೋ, ಇದು ಆ್ಯಂಟಿಬಯಾಟಿಕ್! ಒಳಗಿರೋ ಬ್ಯಾಕ್ಟೀರಿಯಾನೆಲ್ಲ ಗುಡಿಸಿ ಹಾಕಿದೀರಲ್ಲ ಸಾರ್! ಇನ್ನು ಕೆಲವು ತಿಂಗಳು ನೀವು ದಾನ ಮಾಡೋ ಹಾಗಿಲ್ಲ."

"ಭಾವನಲ್ಲೇ ಅಭಾವ!" ಎಂದು ಹೆಂಡತಿ ನಿಟ್ಟುಸಿರಿಟ್ಟಳು. ಅವಳು ಸದ್ದಿಲ್ಲದೆ ಪಾಸಾದಳು, ಸದ್ದಿಲ್ಲದೆ ಕೊಟ್ಟಳು. ನಾನು ಕಾರಿಡಾರಿನಲ್ಲಿ ಅವಳ ಕೈಚೀಲ ಹಿಡಿದು ಕೂತಿದ್ದೆ.

ಭಾವಮೈದನ ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿತ್ತು! ಹೆಂಡತಿ ಅತ್ತೇಬಿಟ್ಟಳು. ನನ್ನ ಕಣ್ಣೂ ಒದ್ದೆ. "ಬ್ಯಾಕ್ಟೀರಿಯಾದಿಂದಲೇನಾ?" ಎಂದು ಕೇಳಿದೆ. "ಅದನ್ನೇ ನಾವೂ ಹುಡುಕ್ತಿರೋದು" ಎಂದು ಡಾಕ್ಟರಮ್ಮ ನಕ್ಕರು.

ಭಾವಮೈದನ ಕೈ ಹಿಡಿದು, "ನಾನೇ ಕೊಡಬೇಕು ಅಂತಿದ್ದೆ ಕಣೋ, ಆಗಲಿಲ್ಲ" ಎಂದೆ.

"ಸದ್ಯ, ಬಚಾವಾದೆ ಭಾವ!" ಎಂದ. "ಕ್ಯಾನ್ಸರನ್ನಾದ್ರೂ ತಡ್ಕೋಬಹುದು. 'ಇವನು ಬದುಕಿದ್ದು ನನ್ನ ಹೊಟ್ಟೆಯಿಂದ' ಅಂತ ನೀವು ಕಂಡಕಂಡವರಿಗೆಲ್ಲ ಹೇಳೋದನ್ನ ಯಾರು ತಡ್ಕೋತಾರೆ?"